ಜಗಲಿಯ ಮೇಲಿನ ಮೂಲಂಗಿ

ನಾನು ಚಿಕ್ಕವನಿದ್ದಾಗ ತಲಘಟ್ಟಪುರಕ್ಕೆ ಮೆಟ್ರೋ ಬರುತ್ತದೆ ಅಂದಿದ್ದರೆ ನಮ್ಮ ಎತ್ತುಗಳೂ ನಗುತ್ತಿದ್ದವು. ಈಗ ನೀವು ಮೊಮ್ಮಕ್ಕಳು ಕಿಟಕಿ ಪಕ್ಕ ಸೀಟಿಗಾಗಿ ಜಗಳ ಆಡುತ್ತೀರಲ್ಲ, ಆ ದಾರಿಯ ಪಕ್ಕದಲ್ಲೇ ನಮ್ಮ ತೋಟವಿತ್ತು. ಅಪ್ಪ ಮೂಲಂಗಿ, ಹುರುಳಿಕಾಯಿ ಬೆಳೆದು ಗಾಡಿಯಲ್ಲಿ ಪೇಟೆಗೆ ಒಯ್ಯುತ್ತಿದ್ದ.

ಮಾರಾಟವಾಗದೆ ವಾಪಸು ಬಂದ ತರಕಾರಿ ಹೊಸಿಲು ದಾಟಿ ಒಳಗೆ ಬರುವಂತಿರಲಿಲ್ಲ. ಅದು ನಮ್ಮ ಮನೆಯ ಪದ್ಧತಿ. ಅದನ್ನು ಮುಂದಿನ ಜಗಲಿಯ ಮೇಲೆ ಸುರಿದು, ನಾವು ಬಾಗಿಲು ಹಾಕಿಕೊಳ್ಳಬೇಕು. ಬೇಕಾದವರು ಬಂದು ಒಯ್ಯುತ್ತಿದ್ದರು. ಯಾರು ಬಂದರು, ಎಷ್ಟು ಒಯ್ದರು ಅಂತ ಇಣುಕಿ ನೋಡುವಂತಿಲ್ಲ. ನೋಡಿದರೆ ಅವರಿಗೆ ನಾಚಿಕೆಯಾಗುತ್ತದೆ ಅಂತ ಅಮ್ಮ ಹೇಳುತ್ತಿದ್ದಳು.

ಎದುರುಮನೆಯಲ್ಲಿ ಒಬ್ಬಳು ಅಜ್ಜಿಯಿದ್ದಳು. ನಮ್ಮ ಸಂಬಂಧಿಯಲ್ಲ, ಆದರೂ ಅಮ್ಮ ಅವಳನ್ನು ಅತ್ತೆ ಅಂತಲೇ ಕರೆಯುತ್ತಿದ್ದಳು; ನನ್ನನ್ನು ಮಡಿಲಲ್ಲಿ ಕೂರಿಸಿಕೊಂಡು ತಲೆ ಬಾಚಿದವಳು. ಒಂದು ಕಾಲಕ್ಕೆ ಅವಳಿಗೂ ತೋಟವಿತ್ತು, ಅವಳೂ ತನ್ನ ಜಗಲಿಯ ಮೇಲೆ ಸೊಪ್ಪು ಸುರಿದು ಬಾಗಿಲು ಹಾಕಿಕೊಂಡವಳೇ. ಗಂಡ ಹೋದ ಮೇಲೆ ತೋಟವೂ ಕೈಬಿಟ್ಟು ಹೋಗಿತ್ತು. ಅಮ್ಮ ಊಟ ಒಯ್ದರೆ, "ಈಗಷ್ಟೇ ಉಂಡೆ ಕಣವ್ವ" ಅಂತ ನಗುತ್ತಾ ವಾಪಸು ಕಳಿಸುತ್ತಿದ್ದಳು. ಅವಳ ಮನೆಯಿಂದ ಹೊಗೆ ಏಳದೇ ಇರುವುದನ್ನು ನಾವೆಲ್ಲ ನೋಡುತ್ತಲೇ ಇದ್ದೆವು.

ಅದೊಂದು ಮಳೆಗಾಲ. ಬಿಡದೆ ಸುರಿದ ಮಳೆಗೆ ಕಲ್ಲು ಒಡೆಯುವ ಕೆಲಸ ನಿಂತು, ಕೂಲಿಯವರ ಕೇರಿ ಪೂರ್ತಿ ಹಸಿದಿತ್ತು. ಪೇಟೆಯಲ್ಲೂ ಕೊಳ್ಳುವವರಿಲ್ಲದೆ ಅಪ್ಪ ಸಂಜೆಗೆ ಅರ್ಧ ಗಾಡಿ ಮೂಲಂಗಿ ವಾಪಸು ತಂದ. ಒದ್ದೆ ಮಣ್ಣಿನ ವಾಸನೆ, ಮೂಲಂಗಿಯ ಖಾರದ ವಾಸನೆ, ಎತ್ತಿನ ಮೈಯ ಬಿಸಿ ವಾಸನೆ ಎಲ್ಲ ಸೇರಿ ಮನೆಮುಂದೆಲ್ಲ ಹರಡಿಕೊಂಡಿತು. ಅಪ್ಪನೂ ಅಕ್ಕನೂ ಜಗಲಿ ತುಂಬ ಪೇರಿಸಿದರು. ಅಕ್ಕ ಎದುರುಮನೆಯ ಕಡೆಗೇ ನೋಡುತ್ತಿದ್ದಳು.

"ಅಪ್ಪಾ, ಅಜ್ಜಿಗೆ ಒಂದು ಕಂತೆ ಕೊಟ್ಟು ಬರ್ಲಾ?"

"ಕೈಯಾಗೆ ಕೊಟ್ರೆ ಇಸ್ಕೊಳ್ಳಾಕಿಲ್ಲ ಅವಳು. ನಾವು ನೋಡ್ತಾ ನಿಂತ್ರೆ ಬರೋದೂ ಇಲ್ಲ. ನೀನು ಬಾಗ್ಲು ಹಾಕು."

ಅಕ್ಕ ಬಾಗಿಲು ಹಾಕಿದಳು. ನಾವು ಒಳಗೆ ಕತ್ತಲಲ್ಲಿ ಕಿವಿ ನೆಟ್ಟಗೆ ಮಾಡಿಕೊಂಡು ಕೂತೆವು. ಬಳೆಗಳ ಸದ್ದು, ಸೊಪ್ಪು ಸರಬರ ಅನ್ನುವ ಸದ್ದು, ಮಗುವೊಂದರ ಕೆಮ್ಮು, ಕೆಸರಲ್ಲಿ ಪಚಕ್ ಪಚಕ್ ಹೆಜ್ಜೆ. ಆಮೇಲೆ ಎಲ್ಲ ತಣ್ಣಗಾಯಿತು. ಬಹಳ ಹೊತ್ತಾದ ಮೇಲೆ ಟಕ್, ಟಕ್ ಅಂತ ಒಂದು ಕೋಲಿನ ಸದ್ದು ಬಂತು. ಜಗಲಿಯ ಹತ್ತಿರ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್, ಟಕ್ ಅಂತ ದೂರ ಹೋಯಿತು.

"ಬಂದ್ಲು ನೋಡು!" ಅಂತ ಅಪ್ಪ ಪಿಸುಗುಟ್ಟಿದ. ಅಮ್ಮನ ಮುಖ ಅರಳಿತು. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು, ನಾನೂ ನಕ್ಕೆ. ಅಷ್ಟು ಸಂತೋಷದಿಂದ ನಾವು ಉಂಡ ಊಟ ಇನ್ನೊಂದು ನನಗೆ ನೆನಪಿಲ್ಲ.

ಬೆಳಿಗ್ಗೆ ಅಜ್ಜಿಯ ಬಾಗಿಲು ತೆರೆಯಲಿಲ್ಲ. ಅಮ್ಮ ತಳ್ಳಿಕೊಂಡು ಒಳಗೆ ಹೋದಳು, ಹಿಂದೆಯೇ ನಾನು. ಅಜ್ಜಿ ಒಲೆಯ ಪಕ್ಕ ಗೋಡೆಗೆ ಒರಗಿ ಕೂತಿದ್ದಳು. ಕಣ್ಣು ಮುಚ್ಚಿತ್ತು. ಒಲೆ ಹೊತ್ತಿಸಿರಲಿಲ್ಲ. ಪಕ್ಕದ ಮೊರದಲ್ಲಿ ಒಂದು ಹಿಡಿ ಮೂಲಂಗಿ ಸೊಪ್ಪು ಇತ್ತು, ಮೂಲಂಗಿ ಒಂದೂ ಇರಲಿಲ್ಲ. ಎಲ್ಲರ ಕಾಲಡಿಗೆ ಸಿಕ್ಕಿ ಕೆಸರಲ್ಲಿ ಹರಿದುಹೋದ ಎಲೆಗಳು ಅವು. ಅವಳು ಬರುವ ಹೊತ್ತಿಗೆ ಜಗಲಿಯ ಮೇಲೆ ಏನೂ ಉಳಿದಿರಲಿಲ್ಲ. ಬಿದ್ದದ್ದನ್ನು ಆಯ್ದುಕೊಂಡು, ತೊಳೆದು, ಒಂದೊಂದೇ ಎಲೆ ಬಿಡಿಸಿ ಇಟ್ಟಿದ್ದಳು. ಬೇಯಿಸುವಷ್ಟು ತ್ರಾಣ ಇರಲಿಲ್ಲವೇನೋ.

ಅಮ್ಮ ಅವಳ ತಣ್ಣಗಾದ ಕೈ ಹಿಡಿದು, "ಇಷ್ಟೇನಾ ನಿಂಗೆ ಸಿಕ್ಕಿದ್ದು? ಬಾಗ್ಲು ಬಡೀಬಾರ್ದಿತ್ತಾ ಅತ್ತೆ?" ಅಂತ ಅತ್ತಳು. ಅಪ್ಪ ಅವತ್ತು ಜಗಲಿಯ ಮೇಲೆ ಕೂತವನು ಯಾರು ಕರೆದರೂ ಏಳಲಿಲ್ಲ.

ಆಮೇಲೆಯೂ ಅಪ್ಪ ಬಾಗಿಲು ಹಾಕುತ್ತಿದ್ದ. ಆದರೆ ಒಂದು ಪಾಲನ್ನು ಹೊಸಿಲ ಒಳಗೇ ತೆಗೆದಿಟ್ಟುಕೊಂಡು, ಹೊರಗಿನ ಸದ್ದೆಲ್ಲ ನಿಂತ ಮೇಲೆ ಅದನ್ನು ಜಗಲಿಗೆ ಇಡುತ್ತಿದ್ದ.

ಈಗ ಬನಶಂಕರಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಟೆರೇಸಿನ ತೋಟದಲ್ಲಿ ಹೆಚ್ಚಾದ ಸೊಪ್ಪು, ಕಾಯಿಯನ್ನು ಲಿಫ್ಟ್ ಪಕ್ಕದ ಟೇಬಲ್ಲಿನ ಮೇಲೆ ಇಡುತ್ತಾರೆ. ಬೇಕಾದವರು ಒಯ್ಯಿರಿ ಅಂತ ಫೋನಿಗೆ ಮೆಸೇಜು ಬರುತ್ತದೆ, ನೀವು ಓಡುತ್ತೀರಿ, ಗಳಿಗೆಯಲ್ಲಿ ಟೇಬಲ್ಲು ಬರಿದು. ಮನೆಗೆಲಸ ಮುಗಿಸಿ ಕೆಳಗಿಳಿಯುವ ಅಕ್ಕಂದಿರಿಗೆ ಮೆಸೇಜು ಬರುವುದಿಲ್ಲ. "ತಾತಾ, ಎಲ್ಲಾ ಖಾಲಿ ಆಯ್ತು, ಚೀಲ ಹಿಡ್ಕೊಂಡು ಇಲ್ಲೇನು ಮಾಡ್ತಿದ್ದೀಯ?" ಅಂತ ನೀವು ರೇಗಿಸುತ್ತೀರಿ. ಆ ಚೀಲದಲ್ಲಿರುವುದು ನಾನು ಮೊದಲೇ ತೆಗೆದಿಟ್ಟ ಸೊಪ್ಪು, ಅಪ್ಪ ತೆಗೆದಿಡುತ್ತಿದ್ದಂಥ ಪಾಲು, ಮಕ್ಕಳೇ. ನೀವು ಮೇಲೆ ಹೋದ ಮೇಲೆ ಅದನ್ನು ಟೇಬಲ್ಲಿನ ಮೇಲೆ ಇಟ್ಟು ಬರುತ್ತೇನೆ. ಬಂದು ಊಟಕ್ಕೆ ಕೂತಾಗ ಕೆಲವು ದಿನ ಆ ರಾತ್ರಿಯ ಊಟ ನೆನಪಾಗುತ್ತದೆ. ಅಜ್ಜಿ ಆಚೆ ಕೆಸರಲ್ಲಿ ಎಲೆ ಆಯುತ್ತಿದ್ದಾಗ, ಬಾಗಿಲ ಈಚೆ ನಾವೆಲ್ಲ ನಗುತ್ತಿದ್ದೆವು.