ಬಾರದ ಮಕ್ಕಳ ಹಾಜರಿ

ಔರಾದ ಕಡೆಯಿಂದ ಬಂದ ಗಂಟು ಬಿಚ್ಚಿದಾಗ ಮೊದಲು ಕಂಡದ್ದು ನನ್ನದೇ ಕೈಬರಹ. ಹಾಳೆ ಹಳದಿಯಾಗಿತ್ತು, ಮಸಿ ಮಾತ್ರ ಮಾಸಿರಲಿಲ್ಲ. ಮೂರನೇ ಈಯತ್ತೆಯ ಹಾಜರಿ ಪುಸ್ತಕ. ನಾನು ನೌಕರಿಗೆ ಸೇರಿದ ಹೊಸದರಲ್ಲಿ, ಬರ ಬಿದ್ದ ವರ್ಷ ಬರೆದದ್ದು. ಅದು ಎಂದೋ ರದ್ದಿಗೆ ಹೋಗಿರಬೇಕೆಂದು ನಂಬಿಕೊಂಡು ನೆಮ್ಮದಿಯಾಗಿದ್ದೆ. ಅಂದಿನಿಂದ ಎಷ್ಟೋ ದಿನ ನನಗೆ ಊಟ ಸೇರಲಿಲ್ಲ.

ಭಾಲ್ಕಿಯಲ್ಲಿ ನಾವು ನಾಲ್ವರು ನಿವೃತ್ತ ಮಾಸ್ತರರು ಸೇರಿ ಹಳೆಯ ದಾಖಲೆಗಳ ಒಂದು ಕೋಣೆ ನಡೆಸುತ್ತಿದ್ದೆವು. ಶಾಲೆಗಳ ರಜಿಸ್ಟರು, ಪಂಚಾಯಿತಿಯ ನಡಾವಳಿ, ನಿಜಾಮನ ಕಾಲದ ಉರ್ದು ಕಾಗದ. ರದ್ದಿ ಅಂಗಡಿಯವನ ತಕ್ಕಡಿಯಿಂದ ಜಗಳಾಡಿ ಇಳಿಸಿಕೊಂಡು ಬಂದದ್ದೇ ಹೆಚ್ಚು. ಇಂಥ ಸಣ್ಣ ಸಂಗ್ರಹಗಳ ಪುಟಪುಟದ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಲು ಹೊರಗಿನ ಸಂಸ್ಥೆಯೊಂದು ಅನುದಾನ ಕೊಡುತ್ತದೆಂದು ಗೊತ್ತಾದಾಗ ಅರ್ಜಿ ಬರೆದವನು ನಾನೇ. ಯಾವ ಊರಲ್ಲಿ ಕೂತವರಿಗೂ ಇಲ್ಲಿನ ಒಂದೊಂದು ಪುಟವೂ ಕಾಣುವಂತಾಗಬೇಕು ಎಂದು ಬರೆದು, ಉಳಿದ ಮೂವರಿಗೆ ಎರಡು ಸಲ ಓದಿ ತೋರಿಸಿ ಬೀಗಿದ್ದೆ. ಅನುದಾನ ಬಂತು. ಕ್ಯಾಮೆರಾ, ದೀಪ, ಪುಟವನ್ನು ಸಮವಾಗಿ ಒತ್ತಿಹಿಡಿಯುವ ಗಾಜು, ಎಲ್ಲ ಬಂದವು. ಬೀದರಿನ ಮುದ್ರಣಾಲಯವೊಂದರಲ್ಲಿ ಬಹಳ ವರ್ಷ ದುಡಿದಿದ್ದ ಹೆಣ್ಣುಮಗಳೊಬ್ಬರು ದಿನಾ ಬಸ್ಸಿಗೆ ಬಂದು ಫೋಟೋ ತೆಗೆಯತೊಡಗಿದರು. ಸುದ್ದಿ ಕೇಳಿದ ಔರಾದ ತಾಲ್ಲೂಕಿನ ಶಾಲೆಯೊಂದು, ಹಳೇ ಕೋಣೆ ಕೆಡವುವ ಮುಂಚೆ, ಅಲ್ಲಿದ್ದುದನ್ನೆಲ್ಲ ಗಂಟು ಕಟ್ಟಿ ಕಳಿಸಿತು. ನಾನು ಮೊದಲು ಕಲಿಸಿದ್ದು ಅದೇ ಶಾಲೆಯಲ್ಲಿ.

ಆ ವರ್ಷ ತೊಗರಿ ಹೂವಾಗುವ ಮೊದಲೇ ಒಣಗಿತ್ತು. ದಸರೆ ಮುಗಿಯುತ್ತಿದ್ದಂತೆ ಜನ ಹೈದರಾಬಾದಿನ ಕಟ್ಟಡದ ಕೆಲಸಕ್ಕೆ, ಮಹಾರಾಷ್ಟ್ರದ ಕಬ್ಬಿನ ಗದ್ದೆಗೆ ಹೊರಟರು. ಮಕ್ಕಳನ್ನು ಯಾರ ಹತ್ತಿರ ಬಿಟ್ಟಾರು? ಕರೆದುಕೊಂಡೇ ಹೋದರು. ನನ್ನ ಮೂರನೇ ಈಯತ್ತೆಯಲ್ಲಿ ಹನ್ನೊಂದು ಮಕ್ಕಳ ಜಾಗ ಖಾಲಿಯಾಯಿತು. ಬಹಳ ದಿನ ಬಾರದ ಮಗುವಿನ ಹೆಸರು ತೆಗೆಯಬೇಕು ಎಂಬುದು ನಿಯಮ. ತೆಗೆದ ಹೆಸರನ್ನು ಮತ್ತೆ ಹಚ್ಚಿಸಲು ತಂದೆತಾಯಿ ಕಾಗದ ಹಿಡಿದು ಅಲೆಯಬೇಕು. ಅವರು ಅಲೆಯುವುದಿಲ್ಲ, ಮಗುವಿನ ಓದು ಅಲ್ಲಿಗೇ ನಿಲ್ಲುತ್ತದೆ. ಮಕ್ಕಳು ಕಡಿಮೆಯಾದರೆ ಒಬ್ಬ ಮಾಸ್ತರನನ್ನೂ ಎತ್ತಂಗಡಿ ಮಾಡುತ್ತಾರೆ. ಹೊಸಬನಾದ ನಾನೇ ಆ ಒಬ್ಬ. ಹಿರಿಯ ಮಾಸ್ತರರೊಬ್ಬರು ದಾರಿ ಹೇಳಿಕೊಟ್ಟರು. ಅರ್ಧ ಮಕ್ಕಳಿಗಾಗಿ, ಅರ್ಧ ನನಗಾಗಿ, ದಿನಾ ಬೆಳಿಗ್ಗೆ ಆ ಹನ್ನೊಂದೂ ಹೆಸರಿನ ಮುಂದೆ ಹಾಜರು ಹಾಕಿದೆ. ಖಾಲಿ ನೆಲದ ಕಡೆ ನೋಡಿ ಹೆಸರು ಕೂಗುವ ನಾಟಕ ಮಾತ್ರ ಆಡಲಿಲ್ಲ.

ಜೂನಿನಲ್ಲಿ ಮಿರಗದ ಮಳೆ ಬಿದ್ದ ಮೇಲೆ ಜನ ತಿರುಗಿ ಬಂದರು. ಒಂದು ದಿನ ಒಬ್ಬ ತಾಯಿ ಶಾಲೆಯ ಬಾಗಿಲಲ್ಲಿ ನಿಂತು, ಮಗಳ ಹೆಸರು ತೆಗೆಯಿರಿ ಎಂದಳು. ಸಂಕ್ರಾಂತಿಯ ಹೊತ್ತಿಗೆ ಹೈದರಾಬಾದಿನಲ್ಲಿ ಜ್ವರ ಬಂದು ಮೂರೇ ದಿನದಲ್ಲಿ ಹುಡುಗಿ ತೀರಿಕೊಂಡಿದ್ದಳು. ಎಂಟು ವರ್ಷದವಳು. ಪಾಟಿಯ ಮೇಲೆ ಅಕ್ಷರ ಬರೆಯುವ ಮೊದಲು ಅಂಚಿಗೆಲ್ಲ ಹೂವು ಬಿಡಿಸಿ ನನ್ನಿಂದ ಬೈಸಿಕೊಳ್ಳುತ್ತಿದ್ದವಳು. ನಾನು ಹೊಸ ವರ್ಷದ ಹಾಜರಿಯಲ್ಲಿ ಆ ಹೆಸರಿನ ಮೇಲೆ ಗೆರೆ ಎಳೆದೆ. ತಾಯಿ ಹೋದ ಮೇಲೆ ಹಿಂದಿನ ವರ್ಷದ ಪುಸ್ತಕ ತಿರುವಿ ಹಾಕಿದೆ. ಸಂಕ್ರಾಂತಿಯಿಂದ ಪರೀಕ್ಷೆಯವರೆಗೆ ಆ ಮಗು ಒಂದು ದಿನವೂ ತಪ್ಪಿಸದೆ ಶಾಲೆಗೆ ಬಂದಿತ್ತು. ಮಾರ್ಚ್ ಕೊನೆಗೆ ಪಾಸೂ ಆಗಿತ್ತು. ಇದನ್ನು ನಾನು ಹೆಂಡತಿಗೂ ಹೇಳಿರಲಿಲ್ಲ.

ಈಗ ಅದೇ ಪುಸ್ತಕ ಗಾಜಿನ ಕೆಳಗೆ ಹೋಗಬೇಕು. ಆ ಊರಿನ ಮಕ್ಕಳು, ಮೊಮ್ಮಕ್ಕಳು ಈಗ ಓದಿದವರು, ಎಲ್ಲರ ಕೈಯಲ್ಲೂ ಫೋನು. ಯಾರೋ ತಮ್ಮ ಮನೆಯವರ ಹೆಸರು ಹುಡುಕುತ್ತ ಆ ಸಾಲಿಗೆ ಬಂದೇ ಬರುತ್ತಾರೆ, ಆ ತಾಯಿಗೆ ಮುಟ್ಟಿಸಿಯೇ ಮುಟ್ಟಿಸುತ್ತಾರೆ. ಸತ್ತ ಮಗುವಿಗೆ ಹಾಜರಿ ಹಾಕಿದ ಪುಣ್ಯಾತ್ಮ ಯಾರು ಎಂದರೆ ಪ್ರತಿ ತಿಂಗಳ ಕೆಳಗೂ ನನ್ನ ಸಹಿ.

ಹೆದರಿ, ಗೆದ್ದಲು ತಿಂದಿದೆ ಎಂದು ಹೇಳಿ ಪುಸ್ತಕವನ್ನು ಫೋಟೋ ತೆಗೆಯಲಾಗದವುಗಳ ಸಾಲಿನಲ್ಲಿಟ್ಟೆ. ಬೀದರಿನ ಆ ಹೆಣ್ಣುಮಗಳು ಬ್ರಷ್ಷಿನಿಂದ ಧೂಳು ಜಾಡಿಸಿ, ನಾಲ್ಕು ಪುಟ ತಿರುವಿ, ಇಡೀ ಗಂಟಿನಲ್ಲಿ ಇದೇ ಚೆನ್ನಾಗಿದೆಯಲ್ಲ ಎಂದರು. ಪಾಪ, ಸುಮ್ಮನೆ ಅಂದದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ ನಾನು ಕೆರಳಿದೆ. ಪುಸ್ತಕ ನೋಡುವುದನ್ನು ನನಗೆ ಕಲಿಸಬೇಡಿ ಎಂದು ಗದರಿದೆ. ಅವರು ಮುಖ ಕೆಳಗೆ ಹಾಕಿ ಬೇರೆ ಪುಸ್ತಕ ಎತ್ತಿಕೊಂಡರು. ಅಂದು ಸಂಜೆ ಆ ಹಾಜರಿ ಪುಸ್ತಕವನ್ನು ಕೈಚೀಲದಲ್ಲಿ ಹಾಕಿಕೊಂಡು ಮನೆಗೆ ತಂದು ಟ್ರಂಕಿನಲ್ಲಿ ಬಟ್ಟೆಯ ಕೆಳಗೆ ಇಟ್ಟೆ. ಆದರೆ ಪಟ್ಟಿಯಲ್ಲಿ ಅದಕ್ಕೆ ಆಗಲೇ ನಂಬರು ಬಿದ್ದಿತ್ತು, ತಿಂಗಳ ಕೊನೆಗೆ ಪಟ್ಟಿ ಸಂಸ್ಥೆಗೆ ಹೋಗಬೇಕಿತ್ತು. ಫೋನು ಬಡಿದುಕೊಂಡರೆ ಸಂಸ್ಥೆಯವರೇ ಇರಬೇಕು ಎನಿಸುತ್ತಿತ್ತು. ದಾಖಲೆ ಉಳಿಸಿ ಎಂದು ಊರೂರು ತಿರುಗಿ ಭಾಷಣ ಬಿಗಿದವನು ಈಗ ದಾಖಲೆ ಕದ್ದವನಾಗಿದ್ದೆ.

ಕೊನೆಗೆ ಒಂದು ನಿಶ್ಚಯಕ್ಕೆ ಬಂದೆ. ಬೇರೆಯವರ ಬಾಯಿಂದ ಆ ತಾಯಿಗೆ ಗೊತ್ತಾಗುವುದಕ್ಕಿಂತ ನಾನೇ ಹೋಗಿ ಹೇಳುವುದು ಮೇಲು. ಆಕೆ ಬೇಡವೆಂದರೆ ಪುಸ್ತಕ ಹೊರಗೆ ಬರಬಾರದು. ಆ ಊರಿನವರನ್ನು ವಿಚಾರಿಸಿದೆ. ಬೀದರಿನಲ್ಲಿದ್ದಾಳೆ, ಗಾಂಧಿ ಗಂಜಿನ ಮಾರುಕಟ್ಟೆಯಲ್ಲಿ ಕಾಳು ಹಸನು ಮಾಡಲು ಹೋಗುತ್ತಾಳೆ ಎಂದರು. ಮರುದಿನವೇ ಪುಸ್ತಕ ಹಿಡಿದು ಬಸ್ಸು ಹತ್ತಿದೆ. ಹಲಬರ್ಗಾದಲ್ಲಿ ಬಸ್ಸು ನಿಂತಾಗ ಧೈರ್ಯ ಸಾಲದೆ ಇಳಿದುಬಿಟ್ಟೆ. ಒಂದು ಚಹಾ ಕುಡಿದೆ, ಇನ್ನೊಂದು ಕುಡಿದೆ. ಭಾಲ್ಕಿಗೆ ತಿರುಗಿ ಹೋಗುವ ಬಸ್ಸು ಬಂತು. ಅದನ್ನು ಹೋಗಲು ಬಿಟ್ಟು ಹಿಂದಿನಿಂದ ಬಂದ ಬೀದರಿನ ಬಸ್ಸು ಹತ್ತಿದೆ.

ಲಾರಿ, ಕೈಗಾಡಿಗಳ ನಡುವೆ ದಾರಿ ಮಾಡಿಕೊಂಡು ಹೋದಾಗ ಆಕೆ ಒಂದು ಅಡತಿ ಅಂಗಡಿಯ ಕಟ್ಟೆಯ ಮೇಲೆ ಮೊರ ಹಿಡಿದು ಕೂತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಗುರುತು ಹಿಡಿದದ್ದು ಆಕೆಯೇ. ಮಾಸ್ತರರಲ್ಲವೇ ಎಂದು ಪಕ್ಕದ ಚೀಲ ಸರಿಸಿ ಜಾಗ ಮಾಡಿದಳು. ನಾನು ಎಲ್ಲವನ್ನೂ ಹೇಳಿದೆ. ಊರಲ್ಲಿ ಇಲ್ಲದವರಿಗೆ ಹಾಜರು ಹಾಕಿದ್ದು, ಮಗಳು ಹೋದ ಮೇಲೂ ಹಾಕಿದ್ದು, ಈಗ ಆ ಪುಟ ಎಲ್ಲರಿಗೂ ಕಾಣಲಿರುವುದು. ಆಕೆ ಸೆರಗಿಗೆ ಕೈ ಒರೆಸಿಕೊಂಡಳು.

"ಆಕಿ ಹೆಸರ ಎಲ್ಲಿ ಅದರಿ?"

ತೋರಿಸಿದೆ. ಓದು ಬಾರದ ಆಕೆ ಆ ಹೆಸರಿನ ಮೇಲೆ ಬೆರಳಿಟ್ಟು, ಸಾಲಿನ ಉದ್ದಕ್ಕೂ ಕೊನೆಯ ದಿನದವರೆಗೆ ನಿಧಾನವಾಗಿ ಎಳೆದಳು.

"ಸಾಲಿಗಿ ಬಂದಿಲ್ಲಂತ ಬರದಿದ್ರ, ಎಲ್ಲಿ ಹೋಗ್ಯಾಳಂತ ಯಾರರೆ ಒಬ್ರು ಕೇಳ್ತಿದ್ರೇನೋರಿ."

ನನಗೆ ಸಿಟ್ಟು ಬಂತು. ಬೈಗುಳಕ್ಕೆ ತಯಾರಾಗಿ ಬಂದಿದ್ದೆ, ಅಳುವಿಗೂ ತಯಾರಾಗಿದ್ದೆ, ಇದಕ್ಕೆ ತಯಾರಿರಲಿಲ್ಲ. ಯಾರೂ ಕೇಳುತ್ತಿರಲಿಲ್ಲ ತಾಯಿ, ಆ ಕಾಲದಲ್ಲಿ ಯಾವ ಸಾಹೇಬ ಆ ಊರಿಗೆ ಬರುತ್ತಿದ್ದ ಎಂದು ಹೇಳಲು ಬಾಯಿ ತೆರೆದೆ. ಆದರೆ ಕೇಳಲು ಸಾಹೇಬನೇ ಬರಬೇಕಿರಲಿಲ್ಲ. ದಿನಾ ಬೆಳಿಗ್ಗೆ ಆ ಹೆಸರಿನ ಮುಂದೆ ಲೇಖನಿ ಇಟ್ಟವನು ಒಬ್ಬನಿದ್ದ. ಗೈರುಹಾಜರಿ ಬರೆದಿದ್ದರೆ ಅವನಿಗಾದರೂ ಒಂದು ದಿನ ಚುಚ್ಚುತ್ತಿತ್ತು. ಹೈದರಾಬಾದಿಗೆ ಹೋಗಿಬರುವವರ ಹತ್ತಿರ ಮಕ್ಕಳು ಹೇಗಿದ್ದಾರೆ ಎಂದು ಕೇಳಿ ಕಳಿಸುತ್ತಿದ್ದನೇನೋ. ನನಗೆ ತಲೆ ಎತ್ತಲಾಗದಷ್ಟು ನಾಚಿಕೆಯಾಯಿತು.

ನೀನು ಬೇಡ ಅಂದರೆ ಇದನ್ನು ಹೊರಗೆ ಹಾಕುವುದಿಲ್ಲ ಎಂದೆ. ಆಕೆ ಮತ್ತೆ ಮೊರ ಎತ್ತಿಕೊಂಡಳು.

"ನೋಡ್ಲಿ ಬಿಡ್ರಿ. ಆದ್ರ ಖರೇ ಏನದ, ಅದನೂ ಬರೀರಿ."

ಮರುದಿನ ಪುಸ್ತಕವನ್ನು ಕೋಣೆಗೆ ತಂದು, ಫೋಟೋ ತೆಗೆಯುವ ಹೆಣ್ಣುಮಗಳಿಗೆ ತಪ್ಪಾಯಿತು ಎಂದು ಹೇಳಿ, ನಾನೇ ಗಾಜಿನ ಕೆಳಗೆ ಇಟ್ಟೆ. ಒಂದೊಂದು ಪುಸ್ತಕದ ಫೋಟೋ ಜೊತೆ ಒಂದು ವಿವರದ ಹಾಳೆ ಹೋಗುತ್ತದೆ. ಅದರ ಕೊನೆಗೆ ಷರಾ ಎಂಬ ಕಾಲಂ. ಪುಟ ಹರಿದಿದೆ, ಮಸಿ ಚೆಲ್ಲಿದೆ ಎಂದು ಬರೆಯುವ ಜಾಗ. ನಾನು ಬರೆದುದನ್ನು ಅವರು ಎರಡು ಸಲ ಓದಿ, ಸಂಸ್ಥೆಯವರು ಇಂಥದ್ದನ್ನು ಒಪ್ಪುತ್ತಾರೆಯೇ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಕೆಳಗೆ ಸಹಿ ಮಾಡಿದೆ.

"ಅಕ್ಟೋಬರಿನಿಂದ ಮಾರ್ಚ್‌ವರೆಗೆ ಹಾಜರೆಂದು ಬರೆದ ಮಕ್ಕಳಲ್ಲಿ ಹನ್ನೊಂದು ಮಕ್ಕಳು ಊರಿನಲ್ಲಿರಲಿಲ್ಲ. ಅವರಲ್ಲಿ ಒಬ್ಬಳು ಜನವರಿಯ ನಂತರ ಬದುಕಿರಲಿಲ್ಲ. ಬರೆದವನು ನಾನು. ಅವರೆಲ್ಲಿದ್ದಾರೆಂದು ನಾನು ಯಾರನ್ನೂ ಕೇಳಲಿಲ್ಲ."