ಗಡ್ಡೆಯ ಮೆಂಬರು ತಾರವ್ವ

ದಿಗ್ಗೇವಾಡಿಯಿಂದ ಒಂದಿಷ್ಟು ಮೇಲಕ್ಕೆ ಕೃಷ್ಣೆ ಎರಡು ಕವಲಾಗಿ ಹರಿದು ಮತ್ತೆ ಕೂಡಿಕೊಳ್ಳುತ್ತಾಳೆ. ನಡುವೆ ಉಳಿದ ನೆಲಕ್ಕೆ ಜನ ಗಡ್ಡೆ ಎನ್ನುತ್ತಾರೆ. ಅಲ್ಲಿ ಐವತ್ತೆರಡು ಮನೆ, ಇನ್ನೂರ ಹತ್ತು ಓಟು. ಎಮ್ಮೆಗಳು ಮಾತ್ರ ಓಟುಗಳಿಗಿಂತ ಹೆಚ್ಚು. ಬೇಸಿಗೆಯಲ್ಲಿ ಮೊಣಕಾಲು ಮಟ್ಟದ ನೀರು ದಾಟಿ ದಂಡೆ ಸೇರಬಹುದು. ಮಳೆಗಾಲದಲ್ಲಿ ಮಹಾರಾಷ್ಟ್ರದ ಅಣೆಕಟ್ಟುಗಳ ಬಾಗಿಲು ತೆರೆದರೆಂದರೆ, ಬೆಲ್ಲ ಕುದಿಸುವ ದೊಡ್ಡ ಕೊಪ್ಪರಿಗೆಗೆ ಹಗ್ಗ ಬಿಗಿದು ಅದರೊಳಗೆ ಕುಕ್ಕರಗಾಲಲ್ಲಿ ಕೂತು ದಾಟಬೇಕು. ಪ್ರತಿ ಚುನಾವಣೆಯಲ್ಲೂ ಗಡ್ಡೆಗೊಂದು ಸೇತುವೆ ಬರುತ್ತದೆ. ಓಟು ಎಣಿಸಿದ ಮರುದಿನ ಅದು ಹೊರಟುಹೋಗುತ್ತದೆ. ಜನ ಸೇತುವೆಯ ಆಸೆ ಬಿಟ್ಟು, ಕಡೇಪಕ್ಷ ಇಂಜಿನ್ ಇರುವ ಒಂದು ಬೋಟಾದರೂ ಸಿಕ್ಕರೆ ಸಾಕು ಎನ್ನುವಲ್ಲಿಗೆ ಬಂದಿದ್ದರು.

ಈ ಗಡ್ಡೆಗೆ ತಾರವ್ವ ಪಂಚಾಯ್ತಿ ಮೆಂಬರಾದದ್ದು ಅವಳ ಜಾಣತನದಿಂದಲ್ಲ, ಜಾತಿ ಸರ್ಟಿಫಿಕೇಟಿನಿಂದ. ಆ ಸಲ ಸೀಟು ಹಿಂದುಳಿದ ವರ್ಗದ ಹೆಣ್ಣುಮಕ್ಕಳಿಗೆ ಬಿತ್ತು. ನಾಮಪತ್ರಕ್ಕೆ ಉಳಿದದ್ದು ಎರಡೇ ದಿನ. ಗಡ್ಡೆಯ ಹೆಂಗಸರಲ್ಲೆಲ್ಲ ಸರ್ಟಿಫಿಕೇಟು ಕೈಯಲ್ಲಿದ್ದವಳು ತಾರವ್ವ ಒಬ್ಬಳೇ, ಅದೂ ಎಮ್ಮೆ ಸಾಲಕ್ಕೆಂದು ಮಾಡಿಸಿ, ಸಾಲ ಸಿಗದೆ ಟ್ರಂಕಿನಲ್ಲಿ ಮಡಚಿಟ್ಟದ್ದು. ಎಮ್ಮೆ ಹಿಂಡುವುದು ಬಿಟ್ಟರೆ ತನಗೇನೂ ಬಾರದೆಂದು ಅವಳು ಹೇಳಿದಳು. ಮೂರನೇ ಇಯತ್ತೆ ಓದಿದ್ದೀಯಲ್ಲ, ಸಹಿ ಬರುತ್ತದಲ್ಲ, ಇನ್ನೇನು ಬೇಕು ಎಂದು ಹಿರಿಯರು ಬಾಯಿ ಮುಚ್ಚಿಸಿದರು. ಎದುರಿಗೆ ಯಾರೂ ನಿಲ್ಲಲಿಲ್ಲ. ಐವತ್ತಾರನೇ ವಯಸ್ಸಿನಲ್ಲಿ ತಾರವ್ವ ಅವಿರೋಧವಾಗಿ ಮೆಂಬರಾದಳು, ಮರುದಿನ ಬೆಳಿಗ್ಗೆ ಎಂದಿನಂತೆ ಸಗಣಿ ಬಳಿದಳು.

ಪಂಚಾಯ್ತಿ ಚುನಾವಣೆಯಲ್ಲಿ ಪಕ್ಷಗಳಿಲ್ಲ ಎಂದು ಕಾನೂನು ಹೇಳುತ್ತದೆ. ಪಾಪ, ಕಾನೂನು ಇರುವುದು ಬೆಂಗಳೂರಿನಲ್ಲಿ. ನಮ್ಮ ಕಡೆ ಪಕ್ಷದ ಬದಲು ಪ್ಯಾನಲ್ ಇರುತ್ತದೆ, ಪ್ಯಾನಲ್ಲಿನ ಹಿಂದೆ ಪಕ್ಷ ಇರುತ್ತದೆ, ಪಕ್ಷದ ಹಿಂದೆ ಏನಿರುತ್ತದೆಂದು ದೇವರಿಗೇ ಗೊತ್ತು. ಒಂದು ಪ್ಯಾನಲ್ ಬಾಳಾಸಾಬನದು. ದಂಡೆಯ ಮೇಲೆ ಕಬ್ಬು, ಕಾಗವಾಡದ ಕಡೆ ದ್ರಾಕ್ಷಿ ತೋಟ ಇರುವ ಮನುಷ್ಯ. ಹನ್ನೆರಡು ವರ್ಷದಲ್ಲಿ ಅವನ ಹೆಗಲ ಮೇಲೆ ನಾಲ್ಕು ಬಣ್ಣದ ಶಲ್ಯ ಬಂದುಹೋಗಿದ್ದವು. ಇನ್ನೊಂದು ಪ್ಯಾನಲ್ ಒಂದು ಕಾಲಕ್ಕೆ ಅವನ ಶಿಷ್ಯನಾಗಿದ್ದ ಸಂಜಯನದು. ಬಾಳಾಸಾಬ ಯಾವ ಬಣ್ಣ ಹೊದ್ದರೂ ಸಂಜಯ ಅದನ್ನು ಬಿಟ್ಟು ಬೇರೆಯದು ಹೊದೆಯುತ್ತಿದ್ದ. ಹದಿಮೂರು ಸೀಟಿನಲ್ಲಿ ಇಬ್ಬರಿಗೂ ಆರಾರು ಬಂದವು. ಉಳಿದದ್ದು ಗಡ್ಡೆಯ ಒಂದೇ ಸೀಟು. ನಲವತ್ತು ವರ್ಷ ಗಡ್ಡೆಯ ಕಡೆ ತಿರುಗಿ ನೋಡದವರು ಒಂದೇ ಬೆಳಿಗ್ಗೆ ಪ್ಯಾಂಟು ಮಡಚಿಕೊಂಡು ನೀರು ದಾಟಿ ಬಂದು ತಾರವ್ವನ ಅಂಗಳದಲ್ಲಿ ನಿಂತರು.

ಅವಳು ಕೇಳಿದ್ದು ಬೋಟು ಮಾತ್ರ. ಸೊಸೆ ಪೂನಮ ಆಗ ಮೂರು ತಿಂಗಳ ಬಸುರಿ. ಶ್ರಾವಣಕ್ಕೆ ದಿನ ತುಂಬುತ್ತವೆ, ಶ್ರಾವಣವೆಂದರೆ ಹೊಳೆಯೂ ತುಂಬುತ್ತದೆ. ತಾಯಿಯಿಲ್ಲದ ಹುಡುಗಿ, ಬಾಣಂತನಕ್ಕೆ ತವರಿಗೆ ಕಳಿಸುವ ಹಾಗೂ ಇಲ್ಲ. ಎರಡು ವರ್ಷದ ಹಿಂದೆ ಪಕ್ಕದ ಮನೆಯ ಸೊಸೆಯನ್ನು ಕೊಪ್ಪರಿಗೆಯಲ್ಲಿ ಮಲಗಿಸಿ ದಾಟಿಸುವಾಗ ಹೊಳೆಯ ನಡುವೆಯೇ ಹೆರಿಗೆಯಾಗಿ ಕೂಸು ಉಳಿದಿರಲಿಲ್ಲ. ಹಗ್ಗ ಹಿಡಿದು ಎಳೆದವರಲ್ಲಿ ತಾರವ್ವನೂ ಇದ್ದಳು. ಆ ದಿನದಿಂದ ಹೊಳೆಗೆ ಕೆಂಪು ನೀರು ಬಂತೆಂದರೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಅಧ್ಯಕ್ಷ ಸ್ಥಾನಕ್ಕೆ ಬಾಳಾಸಾಬ ನಿಲ್ಲಿಸಿದ್ದು ಅನುಸೂಯಾಳನ್ನು. ಆಕೆ ದಂಡೆಯ ಊರಿನ ಮೆಂಬರು, ಮೊದಲು ಅಂಗನವಾಡಿ ನಡೆಸಿದ್ದವಳು. ಮಹಾಪೂರ ಬಂದ ವರ್ಷ ಕೊಪ್ಪರಿಗೆಯಲ್ಲಿ ಕೂತು ಗಡ್ಡೆಯ ಮಕ್ಕಳಿಗೆ ಹಾಲಿನ ಪುಡಿ ತಂದಿದ್ದಳು. ಅಧ್ಯಕ್ಷೆಯಾದ ಮೊದಲ ಸಭೆಯಲ್ಲೇ ಬೋಟಿನ ಠರಾವು ಮಾಡುತ್ತೇನೆ ಎಂದು ಆಕೆ ಹೇಳಿದಾಗ ತಾರವ್ವ ನಂಬಿ ಬಾಳಾಸಾಬನ ಕಡೆ ಸೇರಿದಳು. ಕೊಪ್ಪರಿಗೆಯಲ್ಲಿ ಕೂತವಳಿಗೆ ಮಾತ್ರ ಬೋಟಿನ ಬೆಲೆ ಗೊತ್ತು.

ಇಲ್ಲಿಯವರೆಗೆ ಎಲ್ಲ ಸರಿಯಿತ್ತು. ಮೆಂಬರುಗಳನ್ನು ಟೂರಿಗೆ ಒಯ್ಯುವ ದಿನ ಬಾಳಾಸಾಬ ತನ್ನ ಪಡಸಾಲೆಯಲ್ಲಿ ಒಂದು ಹಿತ್ತಾಳೆ ತಟ್ಟೆ ಇಡಿಸಿದ. ಅದರಲ್ಲಿ ಚಿಂಚಲಿ ಮಾಯಕ್ಕನ ಗುಡಿಯಿಂದ ತಂದ ಭಂಡಾರ. ಈ ಸೀಮೆಯಲ್ಲಿ ಭಂಡಾರ ಎತ್ತಿ ಆಡಿದ ಮಾತಿಗೆ ಕೋರ್ಟಿನ ಕಾಗದಕ್ಕಿಂತ ತೂಕ ಹೆಚ್ಚು. ಹಳದಿ ಪುಡಿ ಬೊಗಸೆಯಲ್ಲಿ ಹಿಡಿದು ಸುಳ್ಳಾಡಿದವನನ್ನು ದೇವಿ ಬಿಡುವುದಿಲ್ಲ ಎಂದು ಕಬ್ಬಿನ ಧಣಿಯಿಂದ ದನ ಕಾಯುವವನವರೆಗೆ ಎಲ್ಲರೂ ನಂಬುತ್ತಾರೆ. ಅನುಸೂಯಾಳನ್ನು ಬಿಟ್ಟು ಉಳಿದ ಆರು ಮಂದಿ ಒಬ್ಬೊಬ್ಬರಾಗಿ ಎತ್ತಿದರು. ಬಾಳಾಸಾಬ ಹೇಳಿದವರಿಗೇ ಓಟು, ತಪ್ಪಿದರೆ ಕಣ್ಣು ಹೋಗಲಿ ಎಂದನು ಒಬ್ಬ. ಕೈ ಸೆಟೆದುಹೋಗಲಿ ಎಂದಳು ಇನ್ನೊಬ್ಬಳು. ಎತ್ತಿಸಿದ ಬಾಳಾಸಾಬ ಮಾತ್ರ ಗೋಡೆಗೆ ಒರಗಿ ಕೂತು ನೋಡುತ್ತಿದ್ದ. ಎತ್ತಿಸುವವರು ತಾವು ಎತ್ತುವ ಪದ್ಧತಿ ಎಲ್ಲಿಯೂ ಇಲ್ಲ.

ತಾರವ್ವನ ಸರದಿ ಬಂತು. ಅವಳಿಗೆ ಗೊತ್ತಿದ್ದದ್ದು ಎಮ್ಮೆ ಕರುವಿನ ಜಗಳಕ್ಕೆ ಗಡ್ಡೆಯವರು ಮಾಡುವ ಆಣೆ ಒಂದೇ. ಅದನ್ನೇ ಹೇಳಿದಳು: “ಬಾಳಾಸಾಬ ಅಣ್ಣಾರ ಹೇಳಿದವರಿಗೆ ನನ್ನ ಓಟ. ತಪ್ಪಿದರ ನನ್ನ ಮನಿ ಬೆಳೀಬಾರದು.” ಅಷ್ಟು ದೊಡ್ಡ ಆಣೆ ಯಾರೂ ಮಾಡಿರಲಿಲ್ಲ. ಬಾಳಾಸಾಬ ತಲೆದೂಗಿದ. ಗಾಡಿ ಹತ್ತಿ ನಿಪ್ಪಾಣಿ ದಾಟುವಾಗ ತಾನೇನು ಹೇಳಿದೆ ಎಂಬುದು ಅವಳಿಗೆ ಹೊಳೆಯಿತು. ಕರುವಿನ ಜಗಳದಲ್ಲಿ ಮನೆ ಎಂದರೆ ಕೊಟ್ಟಿಗೆ. ಆದರೆ ಆ ಹೊತ್ತಿಗೆ ಅವಳ ಮನೆಯಲ್ಲಿ ಬೆಳೆಯುತ್ತಿದ್ದದ್ದು ಪೂನಮಳ ಹೊಟ್ಟೆಯೊಳಗಿನ ಕೂಸು. ಇರಲಿ, ಕೊಟ್ಟ ಮಾತು ತಪ್ಪುವ ಪ್ರಸಂಗವೇ ಇಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡಳು.

ಟೂರು ಹೋದದ್ದು ಮಾಲ್ವಣಕ್ಕೆ. ಓಟಿನ ದಿನದವರೆಗೆ ಎದುರು ಪ್ಯಾನಲ್ಲಿನವರ ಕೈಗೆ ಮೆಂಬರುಗಳು ಸಿಗಬಾರದೆಂದು ಸಮುದ್ರದ ದಂಡೆಯಲ್ಲಿ ಐದು ದಿನ ಕೂಡಿಹಾಕುವುದಕ್ಕೆ ಟೂರು ಎನ್ನುತ್ತಾರೆ. ಉಳಿದವರು ಮೀನು ತಿಂದರು, ಉಸುಕಿನಲ್ಲಿ ಉರುಳಿದರು. ತಾರವ್ವನಿಗೆ ಮನೆಯ ದೊಡ್ಡ ಎಮ್ಮೆಯದೇ ಚಿಂತೆ. ಅದು ಅವಳ ಕೈಗಲ್ಲದೆ ಹಾಲು ಬಿಡುತ್ತಿರಲಿಲ್ಲ. ಮೂರನೇ ದಿನ ಇಂಜಿನ್ ಬೋಟೊಂದು ಟೋಪಿ ಹಾಕಿದ ಮಂದಿಯನ್ನು ತುಂಬಿಕೊಂಡು ಸಮುದ್ರದೊಳಗೆ ಹೋಗಿ ಸುಮ್ಮನೆ ಒಂದು ಸುತ್ತು ಹಾಕಿ ಬಂದದ್ದನ್ನು ಅವಳು ನೋಡಿದಳು. ಎಲ್ಲಿಗೂ ಹೋಗಬೇಕಾಗಿಲ್ಲದವರಿಗೆ ಬೋಟು ಇದೆ ಎಂದು ಅವಳಿಗೆ ಹೊಟ್ಟೆ ಉರಿಯಿತು.

ನಾಲ್ಕನೇ ದಿನ ಮಧ್ಯಾಹ್ನ ಬಾಳಾಸಾಬ ತಾನೇ ಬಂದ. ಹೆಗಲ ಮೇಲೆ ಐದನೇ ಬಣ್ಣ. ಮೇಲಿನವರ ನಡುವೆ ಮಾತುಕತೆ ಆಗಿತ್ತು, ಸಂಜಯನ ಪಕ್ಷಕ್ಕೆ ಅವನು ಸೇರಿದ್ದ, ಬರುವ ಜಿಲ್ಲಾ ಪಂಚಾಯ್ತಿ ಟಿಕೆಟು ಅವನಿಗೆ, ಈ ಪಂಚಾಯ್ತಿ ಸಂಜಯನಿಗೆ. ಆದ್ದರಿಂದ ಎಲ್ಲರೂ ಅವನ ಪ್ಯಾನಲ್ಲಿನ ಮೆಂಬರು, ಸಂಜಯನ ಹೆಂಡತಿ ಶೈಲಾಳಿಗೆ ಓಟು ಹಾಕಬೇಕೆಂದು ಇಸ್ತ್ರಿ ಮಾಡಿದ ಮಾತಿನಲ್ಲಿ ಹೇಳಿದ. ಅನುಸೂಯಾ ಎದ್ದು ನಿಂತು, ತಾನು ನಾಮಪತ್ರ ಕೊಡುವವಳೇ, ಒಂದೇ ಓಟು ಬಿದ್ದರೂ ಸರಿ ಎಂದು ಹೇಳಿ ಹೊರಗೆ ಹೋದಳು. ತಾರವ್ವ ಬೋಟಿನ ಮಾತೆತ್ತಿದಳು.

“ಶೈಲಾ ನೋಡ್ತಾಳ ಬಿಡ ತಾರಕ್ಕಾ. ಮುಂದಿನ ವರ್ಷ ನೋಡೋಣು. ನೀ ಎತ್ತಿದ್ದು ನೆನಪೈತಲ್ಲ?” ಎಂದ ಬಾಳಾಸಾಬ.

ನೆನಪಿರದೆ ಏನು. ಅವಳಿಗೆ ಆ ಸಂಜೆ ತಲೆ ಕೆಟ್ಟುಹೋಯಿತು. ಆಣೆ ಉಳಿಸಿಕೊಂಡರೆ ಬೋಟಿಲ್ಲ, ಕೂಸು ಹೊಳೆಯ ಬಾಯಿಗೆ. ಆಣೆ ಮುರಿದರೆ ಕೂಸು ದೇವಿಯ ಸಿಟ್ಟಿಗೆ. ತನ್ನೊಂದು ಓಟಿನಿಂದ ಅನುಸೂಯಾ ಗೆಲ್ಲುವುದಿಲ್ಲವೆಂದು ಗೊತ್ತಿತ್ತು, ಆದರೂ ತನ್ನ ಕೈಯಿಂದಲೇ ಬೋಟನ್ನು ಬಿಟ್ಟುಕೊಡಲು ಮನಸ್ಸು ಒಪ್ಪಲಿಲ್ಲ. ಗುಪ್ತ ಮತದಾನ, ಯಾರಿಗೂ ಗೊತ್ತಾಗುವುದಿಲ್ಲ ಎನ್ನುವವರು ಎನ್ನಲಿ. ದೇವಿಗೆ ಗುಪ್ತ ಎನ್ನುವುದು ಯಾವುದಿದೆ? ಒಬ್ಬರ ಫೋನು ಬೇಡಿ ಗಂಡ ಲಕ್ಷ್ಮಣನಿಗೆ ಹಚ್ಚಿದಳು. ಲಕ್ಷ್ಮಣ ಅರವತ್ತು ದಾಟಿದ ಮನುಷ್ಯ, ಮಾತಿಗೆ ಬಹಳ ಜಿಪುಣ. ಎಮ್ಮೆಗೆ ಮೇವು ಹಾಕುತ್ತಲೇ ಎಲ್ಲ ಕೇಳಿಸಿಕೊಂಡ.

“ಇಲ್ಲಿ ಕೇಳ,” ಎಂದ ಆಮೇಲೆ. “ನಮ್ಮ ಮುತ್ಯಾ ಹೇಳತಿದ್ದ. ಮುರದು ಮುಚ್ಚಿಟ್ರ ಅದು ಮನಿ ಮ್ಯಾಲ ಬರತೈತಿ. ಮುರದು ಹತ್ತ ಮಂದಿ ಮುಂದ ಒಪ್ಪಿಕೊಂಡ್ರ ಮುರದವರ ತಲಿ ಮ್ಯಾಲ ಅಷ್ಟ ಬರತೈತಿ.”

ಯಾವುದನ್ನು ಮಾಡು ಎಂದು ಅವನು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಎಮ್ಮೆ ಹಾಲು ಕೊಡುತ್ತಿದೆಯೇ ಎಂದು ಕೇಳಿ ಫೋನು ಇಟ್ಟಳು.

ಮರುದಿನ ಗಾಡಿ ಮಾಲ್ವಣದಿಂದ ನೇರ ಪಂಚಾಯ್ತಿ ಆಫೀಸಿನ ಮುಂದೆ ಬಂದು ನಿಂತಿತು. ದಾರಿಯುದ್ದಕ್ಕೂ ಏಳು ಮಂದಿಯಲ್ಲಿ ಯಾರೂ ಯಾರ ಮುಖವನ್ನೂ ನೋಡಿರಲಿಲ್ಲ. ಒಳಗೆ ತಾಲೂಕಿನಿಂದ ಬಂದ ಅಧಿಕಾರಿ ಒಬ್ಬೊಬ್ಬರಿಗೆ ಚೀಟಿ ಕೊಟ್ಟು ಪರದೆಯ ಹಿಂದೆ ಕಳಿಸಿದ. ತಾರವ್ವ ಚೀಟಿಯ ಮೇಲಿನ ಎರಡೂ ಹೆಸರನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದಳು. ತಾಯೀ, ನಿನಗೂ ಮಕ್ಕಳಿದ್ದಾರೆ ಎಂದು ಮನಸ್ಸಿನಲ್ಲೇ ದೇವಿಗೆ ಹೇಳಿ ಅನುಸೂಯಾಳ ಹೆಸರಿನ ಮುಂದೆ ಗುರುತು ಹಾಕಿದಳು.

ಎಣಿಕೆಗೆ ಹಿಡಿದದ್ದು ಐದು ನಿಮಿಷ. ಶೈಲಾಳಿಗೆ ಆರು, ಅನುಸೂಯಾಳಿಗೆ ಏಳು.

ಅಧಿಕಾರಿ ಎರಡನೇ ಸಲ ಎಣಿಸಿದ. ಏಳಕ್ಕೆ ಏಳೇ. ಅನುಸೂಯಾ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಹೊರಗೆ ಬೇವಿನ ಮರದ ಕೆಳಗೆ ಹಾರ ತರಿಸಿಕೊಂಡು ನಿಂತಿದ್ದ ಬಾಳಾಸಾಬನಿಗೆ ಸುದ್ದಿ ಮುಟ್ಟಿದಾಗ ಮೊದಲು ತಮಾಷೆಯೆಂದು ನಗೆ ಬಂತು, ಆಮೇಲೆ ಲೆಕ್ಕ ಹೊಳೆದು ಮುಖ ಕಪ್ಪಾಯಿತು. ಭಂಡಾರ ಎತ್ತಿದ ಆರು ಮಂದಿಯನ್ನೂ ಮರದ ಕೆಳಗೆ ಸಾಲಾಗಿ ನಿಲ್ಲಿಸಿ ಯಾರು ಮುರಿದಿರಿ ಎಂದು ಕೇಳಿದ. ಕಣ್ಣಿನ ಆಣೆ ಮಾಡಿದವನು ತಾನಲ್ಲ ಎಂದ. ಕೈಯ ಆಣೆ ಮಾಡಿದವಳು ತಾನಲ್ಲ ಎಂದಳು. ಸಂಜಯನ ಕಡೆಯವರೇ ಯಾರೋ ಕೈಕೊಟ್ಟಿರಬೇಕು ಎಂದು ಮತ್ತೊಬ್ಬ ದೂರಿದ. ಪರದೆಯ ಹಿಂದೆ ಒಬ್ಬೊಬ್ಬರಾಗಿ ಹೋಗಿ ಆರೂ ಮಂದಿ ಮಾಡಿದ ಕೆಲಸವನ್ನು ಹೊರಗೆ ಬಂದು ಯಾರೂ ಮಾಡಿರಲಿಲ್ಲ. ತಾರವ್ವನಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ, ಪಾಪ ಅನ್ನಿಸಿತು. ಅವರವರ ಮನೆಯಲ್ಲೂ ಏನೇನು ಇದೆಯೋ.

ಅವಳೂ ಅಲ್ಲವೆಂದರೆ ಅಲ್ಲಿಗೆ ಮಾತು ಮುಗಿಯುತ್ತಿತ್ತು. ಅಂಗಳದಲ್ಲಿ ಐವತ್ತು ಅರವತ್ತು ಮಂದಿ ಕೂಡಿದ್ದರು. ತಾರವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು ಒಂದು ಹೆಜ್ಜೆ ಮುಂದೆ ಬಂದಳು.

“ನಾ ಮುರದೇನ್ರಿ ಅಣ್ಣಾರ,” ಎಂದಳು, ಎಲ್ಲರಿಗೂ ಕೇಳುವಂತೆ. “ಭಂಡಾರ ಎತ್ತಿ, ಬೇಕಂತನ ಮುರದೇನಿ. ಇಷ್ಟ ಮಂದಿ ಕೇಳಿಸಿಕೊಳ್ರಿ. ಬರೂದು ನನ್ನ ತಲಿ ಮ್ಯಾಲ ಬರಲಿ. ನನ್ನ ಸೊಸಿ ಮ್ಯಾಲ ಬ್ಯಾಡ, ಹುಟ್ಟೂ ಕೂಸಿನ ಮ್ಯಾಲ ಬ್ಯಾಡ.”

ಸುತ್ತ ನಿಂತ ಮಂದಿ ಬಾಳಾಸಾಬನನ್ನೇ ನೋಡುತ್ತಿದ್ದರು. ಹಾರವನ್ನು ಡ್ರೈವರನ ಕೈಗೆ ಕೊಟ್ಟು ಗಾಡಿ ಹತ್ತಿದ. ಅಂದು ಸಂಜೆ ತಾರವ್ವ ನೀರು ದಾಟಿ ಮನೆ ಸೇರಿದಾಗ ಸುದ್ದಿ ಅವಳಿಗಿಂತ ಮೊದಲು ಬಂದು ಕೂತಿತ್ತು. ಪೂನಮ ಕಾಲಿಗೆ ನೀರು ಕೊಟ್ಟು ಅವಳ ಪಕ್ಕದಲ್ಲಿ ಕೂತಳು. ವಾರದೊಳಗೆ, ಕಣ್ಣಿನ ಆಣೆ ಮಾಡಿದ್ದ ಮೆಂಬರು ಹಾಲು ಕೊಳ್ಳುವ ನೆಪದಲ್ಲಿ ಗಡ್ಡೆಗೆ ಬಂದು, ಈಗ ಒಪ್ಪಿಕೊಂಡರೆ ನಡೆಯುತ್ತದೆಯೇ, ಹತ್ತು ಮಂದಿಯೇ ಇರಬೇಕೇ ಎಂದು ಲಕ್ಷ್ಮಣನನ್ನು ಮೆಲ್ಲಗೆ ಕೇಳಿ ಹೋದ.

ಅನುಸೂಯಾ ಮಾತು ಉಳಿಸಿಕೊಂಡಳು. ಠರಾವು ಮೊದಲ ಸಭೆಯಲ್ಲೇ ಆಯಿತು. ಬೋಟು ಬಂದದ್ದು ಆಷಾಢದಲ್ಲಿ, ಯಾರೋ ಬಳಸಿ ಬಿಟ್ಟದ್ದು, ಇಂಜಿನ್ನು ಸಿಟ್ಟಿನ ಸೋದರಮಾವನಂತೆ ನಾಲ್ಕು ಸಲ ಕರೆದ ಮೇಲೆ ಓಗೊಡುವಂಥದ್ದು. ಶ್ರಾವಣದ ಎರಡನೇ ವಾರ ಪೂನಮಳಿಗೆ ಬೆಳಗಿನ ಜಾವ ನೋವು ಬಂತು. ಹೊಳೆ ಎರಡೂ ದಂಡೆ ಕೂಡಿ ಹರಿಯುತ್ತಿತ್ತು. ಬೋಟು ಹತ್ತೇ ನಿಮಿಷಕ್ಕೆ ದಾಟಿಸಿತು. ರಾಯಬಾಗದ ಆಸ್ಪತ್ರೆಯಲ್ಲಿ ಮೂರು ಕೆಜಿಯ ಹೆಣ್ಣುಕೂಸು ಹುಟ್ಟಿ ಇಡೀ ವಾರ್ಡು ಕೇಳುವಂತೆ ಅತ್ತಿತು. ಮಂದಿ ಪೇಢೆ ತಿಂದರು. ತಾರವ್ವ ತಿನ್ನಲಿಲ್ಲ. ಅವಳು ಒಳಗೊಳಗೇ ಕಾಯುತ್ತಿದ್ದಳು. ಆಣೆ ಮುರಿದು ಆರು ತಿಂಗಳಾಗಿತ್ತು, ಅವಳಿಗೆ ಒಂದು ಕೆಮ್ಮು ಕೂಡ ಬಂದಿರಲಿಲ್ಲ. ದೇವಿ ತನ್ನ ಮಾತು ಕೇಳಿಸಿಕೊಂಡಳೋ ಇಲ್ಲವೋ, ಬರಬೇಕಾದದ್ದು ದಾರಿ ತಪ್ಪಿ ಕೂಸಿನ ಕಡೆ ಹೋದೀತೋ ಎಂದು ರಾತ್ರಿ ಹಗಲು ಅದರ ಹಣೆ ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

ಮನೆಗೆ ಹೊರಟ ದಿನ ದಂಡೆಯಲ್ಲಿ ಪೂನಮಳನ್ನೂ ಕೂಸನ್ನೂ ಬೋಟಿಗೆ ಹತ್ತಿಸಿ, ತಾನು ಕಾಲಿಡುವಾಗ ತಾರವ್ವ ಪಾಚಿಗಲ್ಲಿನ ಮೇಲೆ ಜಾರಿದಳು. ಬಲಗೈ ಕೆಳಗೆ ಸಿಕ್ಕಿತು. ಲಟ್ಟೆಂದು ಸಪ್ಪಳವಾಯಿತು. ಬಂದ ಗಾಡಿಯಲ್ಲೇ ಎಲ್ಲರೂ ಮತ್ತೆ ಆಸ್ಪತ್ರೆಗೆ ಹೋದರು. ಮುಂಗೈ ಎರಡು ಕಡೆ ಮುರಿದಿತ್ತು. ಪ್ಲಾಸ್ಟರು ಸುತ್ತುತ್ತಿದ್ದ ಡಾಕ್ಟರು, ಇಷ್ಟು ಮುರಿದರೂ ಈ ಮುದುಕಿಯ ಮುಖದಲ್ಲಿ ಕಳೆ ಏರುತ್ತಿದೆಯಲ್ಲ ಎಂದು ಅಚ್ಚರಿಪಟ್ಟು, ನೋಯುವುದಿಲ್ಲವೇ ಎಂದು ಕೇಳಿದರು.

“ನೋಯಾಕತ್ತೈತ್ರಿ ಸಾಹೇಬ್ರ,” ಎಂದಳು ತಾರವ್ವ. “ಚಲೋ ನೋಯಾಕತ್ತೈತಿ.”

ಡಾಕ್ಟರಿಗೆ ಏನೂ ತಿಳಿಯಲಿಲ್ಲ. ಬಾಗಿಲ ಬಳಿ ಕೂಸನ್ನು ಎದೆಗೊತ್ತಿಕೊಂಡು ನಿಂತಿದ್ದ ಪೂನಮಳಿಗೆ ತಿಳಿಯಿತು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.