ಈಶಾನ್ಯ ಮೂಲೆಯ ಹೆಬ್ಬಾತು

ಸ್ನೇಹಿತರೇ, ಇಂದು ಬೆಳಿಗ್ಗೆ ನಮ್ಮ ಹೆಬ್ಬಾತಿನ ಮೇಲೆ ವಾಸ್ತುದೋಷದ ಆರೋಪ ಬಂತು.

ರಾಜಾನುಕುಂಟೆಯ ನಮ್ಮ ಹಿತ್ತಿಲ ಮೂಲೆಯಲ್ಲಿ ಹಲಗೆಯ ಗೂಡು ಮಾಡಿ ಹುಲ್ಲು ಹಾಸಿಕೊಟ್ಟಿದ್ದೆ. ಹೆಬ್ಬಾತು ಮೂರು ವಾರದಿಂದ ಅಲ್ಲಿ ಐದು ಮೊಟ್ಟೆಗಳಿಗೆ ಕಾವು ಕೊಡುತ್ತಿದೆ. ಈಗ ಗೂಡು ಕದಲಿಸಿದರೆ ಮೊಟ್ಟೆಗಳನ್ನು ಬಿಟ್ಟು ಎದ್ದುಬಿಡುತ್ತದೆ.

ಅದೇ ಹಿತ್ತಿಲಲ್ಲಿ ಮನೆ ಕಟ್ಟಿಸಲು ಹೊರಟಿರುವ ನನ್ನ ಅಣ್ಣ ವಾಸ್ತು ಪಂಡಿತರನ್ನು ಕರೆತಂದ. ಅವರು ಮೊಬೈಲಿನಲ್ಲಿ ದಿಕ್ಕು ನೋಡಿ, "ಈಶಾನ್ಯದಲ್ಲಿ ಇದ್ಯಾಕೆ ಕೂತಿದೆ? ಮೊದ್ಲು ಎತ್ಸಿ" ಎಂದರು.

"ಇನ್ನೊಂದು ವಾರದಲ್ಲಿ ಮರಿ ಆಗತ್ತೆ, ಅಲ್ಲೀವರ್ಗೂ ಬಿಡಿ ಸ್ವಾಮಿ" ಎಂದೆ.

"ನಾಳೆ ಗುದ್ದಲಿ ಪೂಜೆ ಕಣೋ! ನಿಂಗೆ ಬಾತುಕೋಳೀನೇ ಹೆಚ್ಚಾ?" ಅಣ್ಣ ರೇಗಿದ.

"ತಾತನ ಕಾಲದಲ್ಲಿ ಇದೇ ಮೂಲೇಲಿ ತಿಪ್ಪೆ ಇತ್ತಲ್ಲಣ್ಣ. ಆಗ ಇಲ್ಲದ ದೋಷ ಈಗೆಲ್ಲಿಂದ ಬಂತು?"

ಪಂಡಿತರೇ ಗೂಡಿಗೆ ಕೈ ಹಾಕಿದರು. ಹೆಬ್ಬಾತು ಕತ್ತು ಚಾಚಿ ಬುಸ್ಸೆಂದು ಅವರ ಪಂಚೆಯನ್ನು ಕಚ್ಚಿ ಹಿಡಿಯಿತು. ಬಿಡಿಸಿಕೊಂಡು ಗೇಟಿನಾಚೆ ಓಡಿದ ಪಂಡಿತರು ಅಲ್ಲಿಂದಲೇ ಹೇಳಿದರು: "ಗೂಡಿನ ಮುಂದೆ ಒಂದು ಸಾಲು ಇಟ್ಟಿಗೆ ಇಡಿ ಸಾಕು. ಆಗ ಆ ಮೂಲೆ ನಿಮ್ಮನೆ ಈಶಾನ್ಯಕ್ಕೆ ಸೇರಲ್ಲ."

ಅಣ್ಣ ಭಕ್ತಿಯಿಂದ ಇಟ್ಟಿಗೆ ಜೋಡಿಸಿದ್ದಾನೆ. ಹೆಬ್ಬಾತು ಕೂತಲ್ಲೇ ಇದೆ. ಜಾಗ ಬಿಟ್ಟಿದ್ದು ಈಶಾನ್ಯ.